ಮರಳಿನ ಮೇಲೆ ದೊಡ್ಡವ್ವನ ಹೆಜ್ಜೆ

ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ. ನಾನು ಹಲ್ಲು ಆಮೇಲೆ ನೋಡುತ್ತಿದ್ದೆ. ಮೊದಲು ಹಸಿ ಮರಳಿನ ಮೇಲೆ ನಡೆಸಬೇಕು. ಮುಂಗಾಲಿನ ಗುರುತಿನ ಮೇಲೆ ಹಿಂಗಾಲು ಬಿತ್ತೋ, ಹಿಂದೆ ಉಳಿಯಿತೋ, ಗೊರಸು ಎಳೆದಿದೆಯೋ, ಎಲ್ಲಾ ಅಲ್ಲೇ ತಿಳಿಯುತ್ತದೆ. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದ ವರ್ಷಗಳಲ್ಲಿ ಮಣ್ಣು ಸಾಗಿಸುವ ಬಂಡಿಗಳಿಗೆ ಎತ್ತು ಆರಿಸಿಕೊಡುತ್ತಾ ಈ ಕಣ್ಣಿನಿಂದಲೇ ನಾನು ಬದುಕು ಕಟ್ಟಿಕೊಂಡೆ. ನಿಮಗೂ ಹೇಳುತ್ತೇನೆ, ಮಾರುವವನು ಹಗ್ಗ ಹಿಡಿದಿರುವಾಗ ಎತ್ತಿನ ನಡಿಗೆ ನಂಬಬೇಡಿ.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮಸ್ಕಿಯಲ್ಲಿ ಒಬ್ಬಳೇ ಇದ್ದಳು. ಗಂಡ ಇಲ್ಲ, ಮಕ್ಕಳಾಗಲಿಲ್ಲ. ತಾನೇ ನೀರು ತರುವಳು, ತಾನೇ ರೊಟ್ಟಿ ಬಡಿಯುವಳು. ಒಮ್ಮೆ ಹಳ್ಳದ ದಂಡೆಯಲ್ಲಿ ಜಾರಿದಳು, ಮೊಣಕೈ ತರಚಿತು. ಅಷ್ಟೇ ಸಾಕಾಯಿತು. ಲಿಂಗಸುಗೂರಿನಿಂದ ಅವಳ ಭಾವ, ಗಂಡನ ಅಣ್ಣ, ಬಂಡಿ ಕಟ್ಟಿಕೊಂಡು ಬಂದ.

"ಇನ್ನ ಒಬ್ಬಾಕಿ ಇರೋದು ಬ್ಯಾಡ. ಮನಿಗೆ ಕೀಲಿ ಹಾಕಿ ನಮ್ಮಲ್ಲಿಗೆ ಬರ್ಲಿ."

"ನನ್ನ ಕಾಲು ಗಟ್ಟಿ ಅದಾವ, ನಾ ಎಲ್ಲಿಗೂ ಬರಂಗಿಲ್ಲ ಅಂತ ಹೇಳೋ," ಎಂದು ದೊಡ್ಡವ್ವ ಬಾಗಿಲ ಮರೆಯಿಂದ ನನ್ನ ಬಾಯಲ್ಲಿ ಹೇಳಿಸಿದಳು.

ಭಾವ ನಕ್ಕ. "ನೀ ಎತ್ತಿನ ನಡಿಗಿ ಅಳ್ಯಾಂವಲ್ಲೇನಲೇ? ಇಕಿದೂ ಅಳಿ, ನೋಡಮು."

"ಅಳೀತೀನ್ರೀ ದೊಡ್ಡಪ್ಪಾರ. ಆದ್ರ ಮುಂಜಾನಿ ಆಕಿ ನೀರಿಗೆ ಹೋಗುವಾಗ. ನೀವ್ಯಾರೂ ಎದುರಿಗಿರಬಾರ್ದು."

"ನೋಡದಽ ಖರೀದಿ ಮಾಡ್ತಾರೇನೋ ಹುಚ್ಚ?"

ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದ ಊರ ಹಿರಿಯರೆಲ್ಲಾ ನಕ್ಕರು. ಆಗಲೇ ಮರಳು ಹಾಕಿಸಿ ನೀರು ಚಿಮುಕಿಸಿದರು. ದೊಡ್ಡವ್ವ ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡು ಹೊರಬಂದಳು. ನಮ್ಮಲ್ಲಿ ಭಾವನ ಎದುರು ಹೆಣ್ಣುಮಗಳು ಚಪ್ಪಲಿ ಮೆಟ್ಟುವುದಿಲ್ಲ, ತಲೆ ಎತ್ತುವುದಿಲ್ಲ, ದೊಡ್ಡ ಹೆಜ್ಜೆ ಇಡುವುದಿಲ್ಲ. ಬಾಗಿ, ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆದಳು.

"ದಿನಾ ನಡದಂಗ ನಡಿ ಬೇ ದೊಡ್ಡವ್ವಾ!"

"ಸುಮ್ಕಿರೋ, ಹಿರ್ಯಾರು ಕುಂತಾರ," ಎಂದು ಗದರಿಸಿದಳು.

ಮರಳಿನಲ್ಲಿ ಹೆಜ್ಜೆಗಳ ನಡುವೆ ಗೇಣು ಅಂತರವೂ ಇರಲಿಲ್ಲ. "ನೋಡ್ರಿ, ಕಾಲಽ ಏಳವಲ್ದು," ಅಂದ ಭಾವ.

"ಅದು ಮರ್ಯಾದಿ ರೀ, ಮುಪ್ಪಲ್ಲ," ಎಂದು ನಾನು ಅವನನ್ನು ಹಿತ್ತಲಿಗೆ ಕರೆದೊಯ್ದೆ. ಬಾವಿಯ ಹಾದಿಯ ಹಸಿ ಮಣ್ಣಿನಲ್ಲಿ ಅವಳ ಮುಂಜಾನೆಯ ಹೆಜ್ಜೆಗಳಿದ್ದವು. ನೀಳವಾದ ಹೆಜ್ಜೆಗಳು, ಹಿಮ್ಮಡಿ ಊರಿದ್ದವು.

"ಯಾರವೋ ಏನೋ," ಅಂದ. ಮನೆಗೆ ಕೀಲಿ ಬಿತ್ತು; ದೊಡ್ಡವ್ವನನ್ನು ಕೂರಿಸಿಕೊಂಡು ಬಂಡಿ ಸಂಜೆಯೇ ಹೊರಟಿತು. ಬುದ್ಧಿ ಇದ್ದರೆ ಕೇಳಿ: ನಿಮ್ಮ ಮನೆಯ ಮುದುಕಿಯ ಕಾಲು ಪರೀಕ್ಷೆ ಮಾಡುವುದಾದರೆ, ಅವಳು ಹೆದರುವವರನ್ನು ಮೊದಲು ಆಚೆ ಕಳಿಸಿ.

ಮುಂದಿನ ಬೇಸಿಗೆ ಲಿಂಗಸುಗೂರಿನ ಸಂತೆಗೆ ಹೋದವನು ಅವರ ಮನೆಗೂ ಹೋದೆ. ದೊಡ್ಡವ್ವ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ಆ ತುಂಬಿದ ಮನೆಗೆಲ್ಲಾ ಅವಳೇ ನೀರು ತರುವವಳು.

"ದೊಡ್ಡಪ್ಪಾರ, ಕಾಲು ಏಳಾಕತ್ತಾವಲ್ರೀ!" ಅಂದೆ.

"ಹೌದಪ್ಪ. ನಮ್ಮ ಮನಿ ಊಟ ಹತ್ತೇತಿ," ಅಂದ, ನಾಚದೆ.

ಒಳಗೆ ಹೋಗಿ ದೊಡ್ಡವ್ವನ ಕೊಡ ಇಳಿಸಿಕೊಂಡೆ. "ನಡಿ ಬೇ, ಮಸ್ಕಿಗೆ ಹೋಗಮು."

"ಅಲ್ಲಿ ನನ್ನ ಮನಿಯಾಗ ಇವರ ಸಣ್ಣ ಮಗ ಹತ್ತಿ ತುಂಬ್ಯಾನಂತ, ಸೂರಿನ ತನಕ," ಅಂದಳು. "ಎಲ್ಲಿಗಂತ ನಡೀಲೋ?"