ನನ್ನ ಹೊಟ್ಟೆಯ ಮೇಲೆ ಹೊರಿಸಿದ ಆಪರೇಶನ್

ಗೆಳತಿಯರೇ, ನಿರಪರಾಧಿಯಾದ ನನ್ನ ಹೊಟ್ಟೆಗೆ ಇವತ್ತು ಶಿಕ್ಷೆಯಾಯಿತು.

ದೀಪಾವಳಿಗೆ ಮೊದಲು ಕೊಲ್ಹಾಪುರದ ದವಾಖಾನೆಯಲ್ಲಿ ಕೊಯ್ದು ತೆಗೆದದ್ದು ನನ್ನ ಎಡಮೊಲೆಯನ್ನು. ಆದರೆ ಇಚಲಕರಂಜಿಯ ನಮ್ಮ ಓಣಿಗೆಲ್ಲ ಅತ್ತೆಯವರು ಹೇಳಿರುವುದು ಹೊಟ್ಟೆಯ ಆಪರೇಶನ್ ಎಂದು. ಮೊಲೆಯ ಹೆಸರೆತ್ತಿದರೆ ಮನೆತನದ ಮರ್ಯಾದೆ ಹೋಗುತ್ತದಂತೆ. ನಾನೂ ಹೂಂ ಎಂದಿದ್ದೆ.

ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಮನೆಯಲ್ಲಿ ಊಟವಿಲ್ಲ. ಹಾಗಾಗಿ ಸಂಜೆಗೇ ತುಪ್ಪ ಸುರಿದ ಯುಗಾದಿಯ ಹೋಳಿಗೆ ನನ್ನ ಮುಂದೆ ಬಂತು. ಅದರ ಹಿಂದೆಯೇ ಪಕ್ಕದ ಮನೆಯ ಪದ್ಮಾ ಬಂದಳು.

“ಅಯ್ಯ ಕಾಕೂ! ಹೊಟ್ಟಿ ಕೊಯ್ಸಿಕೊಂಡಾಕಿಗೆ ಹೋಳಿಗಿ ತಿನ್ಸಾಕತ್ತೀರೇನ್ರಿ?” ಎಂದು ತಟ್ಟೆಯನ್ನೇ ಕಿತ್ತುಕೊಂಡಳು.

ಅತ್ತೆಯವರು ತಾವೇ ಹೇಳಿದ ಸುಳ್ಳಿಗೆ ಕಟ್ಟುಬಿದ್ದು ಗಂಜಿ ತರಲು ಒಳಗೆ ಹೋದರು.

ಪದ್ಮಾ ದನಿ ತಗ್ಗಿಸಿದಳು. “ವೈನೀ, ನನ್ನ ಎದಿಯಾಗ ಒಂದ ಗಂಟ ಆಗೇತ್ರಿ. ದೀಪಾವಳಿಯಿಂದ ಐತಿ. ಯಾರಿಗೆ ಕೇಳ್ಲಿ? ನಿಮಗರ ಏನ್ ಗೊತ್ತಿರತೈತಿ, ನಿಮ್ದು ಹೊಟ್ಟಿ.”

ನಾನು ಸೆರಗು ಸರಿಸಿ ತೋರಿಸಿದೆ. ಮೊಲೆಯಿದ್ದ ಜಾಗದ ಹೊಲಿಗೆಯ ಗುರುತನ್ನು ಅವಳು ಬೆರಳಿನಿಂದ ಮುಟ್ಟಿದಳು.

“ದಿನಾ ಬಂದು ನಿಮ್ಮ ಬಾಜೂಕ ಕುಂಡ್ರತಿದ್ನಲ್ರಿ. ಮೊದಲ ಹೇಳಬಾರದೇನ್ರಿ?”

ಈಗ ಯುಗಾದಿ ಬಂತು. ಅಷ್ಟು ದಿನವೂ ನಾವು ಮರ್ಯಾದೆಯನ್ನು ಜೋಪಾನ ಮಾಡಿದೆವು, ಜೊತೆಗೆ ಅವಳ ಗಂಟನ್ನೂ ಬೆಳೆಸಿದೆವು.

ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಎಲ್ಲ ಕೇಳಿಸಿಕೊಂಡಿದ್ದರು. ನಾಳೆ ಪದ್ಮಾಳನ್ನು ಕೊಲ್ಹಾಪುರಕ್ಕೆ ತಾವೇ ಕರೆದೊಯ್ಯುತ್ತಾರೆ. ಸ್ಟೇಶನ್ನಿಗೆ ಟಾಂಗಾ ಹೇಳಿಯಾಗಿದೆ. ಓಣಿಗೆ ಏನು ಹೇಳುವುದು ಎಂಬುದೊಂದೇ ಅವರ ಚಿಂತೆ. ಹೊಟ್ಟೆಯನ್ನಂತೂ ನಾನು ಆಗಲೇ ಬಳಸಿ ಮುಗಿಸಿದ್ದೇನೆ.