ಓದದೆ ಬಿಟ್ಟ ಅರ್ಧ ಸಾಲು

ಫೈಲ್ ಇದೆ. ನನ್ನ ಕಣ್ಣೆದುರೇ ಇದೆ. ಆದರೂ ಕಂಪ್ಯೂಟರಿನ ವಿಂಡೋಸ್ ಮಾತ್ರ ಅದು ಸಿಗಲಿಲ್ಲ ಅನ್ನುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಕಣ್ಣಾಸ್ಪತ್ರೆಗೆ ತೋರಿಸಲೆಂದು ಅಕ್ಕ ಕುಣಿಗಲ್‌ನಿಂದ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಸಕ್ಕರೆ ಕಾಯಿಲೆ ಅವಳ ದೃಷ್ಟಿಯನ್ನು ತಿಂದುಹಾಕಿತ್ತು. ಇನ್ನೇನೂ ಮಾಡುವ ಹಾಗಿಲ್ಲ ಎಂದುಬಿಟ್ಟರು ಡಾಕ್ಟರು. ಗುಬ್ಬಿಯ ಶಾಲೆಯಲ್ಲಿ ವರ್ಷಗಟ್ಟಲೆ ಕನ್ನಡ ಪಾಠ ಮಾಡಿದವಳು ಅವಳು. ಮನೆಗೆ ಬಂದು ಅತ್ತದ್ದು ಪೇಪರಿಗಾಗಿ.

"ನಿಮ್ ಭಾವ ದಿನಾ ಓದ್ತಾರೆ ಕಣೇ. ಅವರಿಗೆ ಬೇಕಾದ್ದು ಓದಿ, ಇನ್ನೇನಿಲ್ಲ ಬುಡು ಅಂತ ಮಡಚಿಡ್ತಾರೆ. ಇದೆಯೋ ಇಲ್ವೋ ಅನ್ನೋದು ನನಗೆ ಗೊತ್ತಾಗ್ಬೇಡ್ವಾ?"

ಫೋನಿನ ಗಾಜಿನ ಮೇಲೆ ಬೆರಳು ಜಾರಿಸುವುದು ಅವಳಿಗೆ ಒಗ್ಗಲೇ ಇಲ್ಲ. ಒಂದು ಗುಂಡಿ ಒತ್ತಿದರೆ ಪೇಪರು ಪೂರ್ತಿ ಓದಬೇಕು, ಅಷ್ಟೇ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. "ಅದೇನ್ ಮಹಾ! ಭಾನುವಾರ ಭಾವ ಕರ್ಕೊಂಡ್ ಹೋಗೋಕೆ ಬರೋದ್ರೊಳಗೆ ಮಾಡ್ಕೊಡ್ತೀನಿ" ಎಂದು ಜಂಬ ಕೊಚ್ಚಿದೆ. ಪತ್ರಿಕೆಯ ವೆಬ್‌ಸೈಟಿನಿಂದ ಸುದ್ದಿ ತರುವ ಪೈಥಾನ್ ಪ್ರೋಗ್ರಾಂ ಒಂದನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆದೆ. ಅದನ್ನು ಗಟ್ಟಿಯಾಗಿ ಓದಲು, ಬರಹವನ್ನು ಕನ್ನಡ ಮಾತಾಗಿಸುವ ಲೈಬ್ರರಿ ಎಂಬ ಸಿದ್ಧ ಫೈಲೊಂದನ್ನು ಇಳಿಸಿಕೊಂಡೆ. ಎರಡನ್ನೂ ಜೋಡಿಸಿದ್ದೇ ತಡ, ರಗಳೆ ಶುರುವಾಯಿತು.

ಫೈಲನ್ನು ಪ್ರೋಗ್ರಾಮಿನ ಪಕ್ಕಕ್ಕೇ ತಂದಿಟ್ಟೆ. ಅದಿರುವ ಜಾಗದ ಪೂರ್ತಿ ದಾರಿ ಬರೆದುಕೊಟ್ಟೆ. ಪೈಥಾನ್ ಮೂವತ್ತೆರಡು ಬಿಟ್‌ನದು, ಫೈಲು ಅರವತ್ತನಾಲ್ಕರದು ಆಗಿ ಒಂದಕ್ಕೊಂದು ಹೊಂದುತ್ತಿಲ್ಲವೇನೋ ಎಂದು ನೋಡಿದೆ, ಎರಡೂ ಅರವತ್ತನಾಲ್ಕೇ. ಅಳಿಸಿ ಮತ್ತೆ ಹಾಕಿದೆ. ಊಹೂಂ.

ಪಕ್ಕದಲ್ಲಿ ಕೂತಿದ್ದ ಅಕ್ಕ ಕೇಳಿದಳು, "ಏನಂತೆ ಅದು?"

"ಫೈಲ್ ಸಿಗ್ಲಿಲ್ವಂತೆ. ಅದರ ತಲೆ!"

"ಅಷ್ಟೇನಾ ಬರ್ದಿರೋದು?"

"ಮುಂದೆ ಇನ್ನೇನೋ ಇದೆ. ಏನಿಲ್ಲ ಬಿಡು."

"ನೀನೂ ನಿಮ್ ಭಾವನ ಹಂಗೇ ಆಡ್ಬೇಡ. ಪೂರ್ತಿ ಓದೇ!" ಎಂದು ಗದರಿದಳು.

ಓದಿದೆ. ಇಂಥ ಫೈಲ್ ಸಿಗಲಿಲ್ಲ. ಆಮೇಲೆ ಕಂಸದೊಳಗೆ, ಅಥವಾ ಅದು ನೆಚ್ಚಿಕೊಂಡಿರುವ ಇನ್ನೊಂದು ಫೈಲ್ ಸಿಗಲಿಲ್ಲ.

ನನ್ನ ಸಿಟ್ಟು ಇಳಿದು ಕುತೂಹಲ ಹತ್ತಿತು. ಹಾಗಾದರೆ ಕಾಣೆಯಾದದ್ದು ಇದಲ್ಲ, ಇದು ಕರೆಯುತ್ತಿರುವ ಮತ್ಯಾವುದೋ! ಒಂದು ಫೈಲ್ ಯಾವ್ಯಾವುದನ್ನು ಕರೆಯುತ್ತದೆ ಎಂದು ತೋರಿಸುವ ಪುಟ್ಟ ಪ್ರೋಗ್ರಾಂ ಒಂದಿದೆ. ಅದರಲ್ಲಿ ಬಂದ ಹೆಸರುಗಳನ್ನು ಒಂದೊಂದೇ ಅಕ್ಕನಿಗೆ ಓದಿ ಹೇಳುತ್ತಾ ಹುಡುಕಿದೆ. "ಇದು ಇದೆಯಾ? ಮುಂದಿಂದು?" ಅವಳಿಗೆ ನನಗಿಂತ ಹುರುಪು. ಎಲ್ಲವೂ ಇದ್ದವು, ಒಂದರ ಹೊರತು. ಎಷ್ಟೋ ಪ್ರೋಗ್ರಾಮುಗಳಿಗೆ ಬೇಕಾಗುವ ಸಾಮಾನ್ಯ ಫೈಲು ಅದು, ಈ ಹಳೆಯ ಲ್ಯಾಪ್‌ಟಾಪಿಗೆ ಯಾರೂ ಹಾಕಿರಲಿಲ್ಲ. ಇಲ್ಲದ್ದರ ಹೆಸರು ಬಿಟ್ಟು ಇದ್ದದ್ದರ ಹೆಸರನ್ನೇ ಹೇಳಿ ವಿಂಡೋಸ್ ನನ್ನನ್ನು ಕುಣಿಸಿತ್ತಲ್ಲ, ಎಂಥ ವಿಚಿತ್ರ!

ಅದನ್ನೂ ಹಾಕಿ ನಡೆಸಿದೆ. ಲ್ಯಾಪ್‌ಟಾಪು ಮೂಗಿನಲ್ಲಿ ಕನ್ನಡ ಓದತೊಡಗಿತು. "ಅಯ್ಯೋ ಪಾಪ, ಶೀತ ಆಗಿದೆ ಇದಕ್ಕೆ" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

ಭಾನುವಾರ ಭಾವ ಬಂದು ಕಾಫಿ ಕುಡಿಯುತ್ತಿದ್ದರು. ಅವರಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಅಕ್ಕ, "ಇದು ಹಳೇದನ್ನೂ ಓದುತ್ತಾ? ಗುಬ್ಬಿ ಸುದ್ದಿ ಹಾಕು" ಎಂದಳು. ನಾಲ್ಕೈದು ತಿಂಗಳ ಹಿಂದಿನ ಗುಬ್ಬಿಯ ಸುದ್ದಿ ಹಾಕಿಕೊಟ್ಟೆ. ಅವಳೇ ಗುಂಡಿ ಒತ್ತಿದಳು. ರಸ್ತೆ ರಿಪೇರಿ ಆಯಿತು, ತೆಂಗಿನಕಾಯಿ ಧಾರಣೆ ಆಯಿತು. ಆಮೇಲೆ ಅದೇ ಮೂಗುದನಿಯಲ್ಲಿ, ನಿಧನ, ನಿವೃತ್ತ ಶಿಕ್ಷಕಿ ಎಂದು ಒಂದು ಹೆಸರು ಹೇಳಿತು. ಸ್ಟಾಫ್ ರೂಮಿನಲ್ಲಿ ಅಕ್ಕನ ಪಕ್ಕದಲ್ಲೇ ಕೂತು, ಇಬ್ಬರೂ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದ ಗೆಳತಿಯ ಹೆಸರು.

ಭಾವ ಲೋಟ ಕೆಳಗಿಟ್ಟರು. "ನೀನು ನೊಂದ್ಕೊತೀಯ ಅಂತ ಓದ್ಲಿಲ್ಲ ಕಣೇ."

ಅಕ್ಕ ಅವರ ದನಿಯತ್ತ ಮುಖ ತಿರುಗಿಸಿದಳು.

"ಯುಗಾದಿಗೆ ಒಂದ್ ಫೋನೂ ಮಾಡ್ಲಿಲ್ಲ ಅಂತ ನಾನು ಅವಳ ಮೇಲೆ ಮುನಿಸ್ಕೊಂಡ್ ಕೂತಿದೀನಲ್ರೀ" ಎಂದಳು. ಆಮೇಲೆ ತಡಕಾಡಿ ಗುಂಡಿ ಹುಡುಕಿ, ಆ ಸುದ್ದಿ ಪೂರ್ತಿ ಕೇಳಲೆಂದು ಮತ್ತೊಮ್ಮೆ ಒತ್ತಿದಳು.