ತಂಬಿಟ್ಟಿನ ಬಿರುಕು

ನನ್ನ ವಾರಗಿತ್ತಿ ಸಿಂಧುವಿಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಗೊತ್ತಿದ್ದರೆ ತಾನೇ ಹೇಳುವುದು! ಜ್ವರವಿಲ್ಲ, ನೋವಿಲ್ಲ. ಮನೆಯಲ್ಲಿ ಒಂದು ಮಾತು ಅಂದವರಿಲ್ಲ. ದೇವನಹಳ್ಳಿಯ ಡಾಕ್ಟರು ಖಿನ್ನತೆ ಎಂದು ಮಾತ್ರೆ ಕೊಟ್ಟರು. ಅವಳ ಗಂಡ ವಸಂತ್ ತಲೆಯಾಡಿಸಿಕೊಂಡು ಬಂದ. ಅವನಿಗೂ ಏನೂ ಅರ್ಥವಾಗಿರಲಿಲ್ಲ.

ನಲ್ಲೂರಿಗೆ ಸೊಸೆಯಾಗಿ ಬಂದಾಗಿನಿಂದ ಅವಳಿಗೆ ಯಾವುದರಲ್ಲೂ ಒಂದು ಕುಂದು ಇರಕೂಡದು. ಮುದ್ದೆ ಒಂಚೂರು ಸೊಟ್ಟಗಾದರೂ ಬಡಿಸುತ್ತಿರಲಿಲ್ಲ. ರಂಗೋಲಿಯ ಒಂದು ಎಳೆ ತಪ್ಪಿದರೆ ಬಾಗಿಲ ಮುಂದೆಲ್ಲ ತೊಳೆದು ಮತ್ತೆ ಶುರು. ಎಷ್ಟು ಅಚ್ಚುಕಟ್ಟು ಎಂದು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲಾಮೇಲೆ ರಂಗೋಲಿಯೇ ನಿಂತುಹೋಯಿತು. ಈಗ ಮಲಗಿದರೆ ಏಳುವುದಿಲ್ಲ.

ಮೊನ್ನೆ ಊರಮ್ಮನ ಆರತಿ. ಅಕ್ಕಿಹಿಟ್ಟು, ಬೆಲ್ಲ ಕಲಸಿ ತಂಬಿಟ್ಟು ಕಟ್ಟಿ, ತಟ್ಟೆಯಲ್ಲಿಟ್ಟು, ಅದರ ಮೇಲೆ ದೀಪ ಹಚ್ಚಿ, ತಲೆಯ ಮೇಲೆ ಹೊತ್ತು ಗುಡಿಗೆ ಹೋಗಬೇಕು. ನಮ್ಮ ಮನೆಯಲ್ಲಿ ಅತ್ತೆ ಅಮ್ಮಯಮ್ಮನವರೊಬ್ಬರೇ ಕಟ್ಟುತ್ತಿದ್ದರು. ಈ ಸಲ ತಾನೂ ಹೊರುತ್ತೇನೆ ಎಂದು ಸಿಂಧು ತಾನಾಗಿಯೇ ಎದ್ದು ಬಂದಾಗ ನನಗೆ ಅಳು ಬರುವಷ್ಟು ಖುಷಿಯಾಯಿತು. ಕಟ್ಟಿದಳು. ಕೂದಲೆಳೆಯಷ್ಟು ಬಿರುಕು ಕಂಡಿತು. ಮುರಿದಳು. ಮತ್ತೆ ಕಟ್ಟಿದಳು, ಮತ್ತೆ ಮುರಿದಳು. ಕೊನೆಗೆ ಹಿಟ್ಟನ್ನು ಅಲ್ಲೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

“ಹಿಟ್ಟು ಕಣೇ ಅದು! ಹಿಟ್ಟಿಗೋಸ್ಕರ ಹಿಂಗಾಡ್ತೀಯಲ್ಲ!” ಎಂದು ಗದರಿದೆ.

“ಹಿಟ್ಟು ಸರಿಯಾಗೇ ಐತೆ ಅಕ್ಕ. ನಾನೇ ಸರಿ ಇಲ್ಲ. ಅತ್ತೇದು ಯಾವತ್ತಾದ್ರೂ ಬಿರುಕು ಬಿಟ್ಟೈತಾ?”

ಅದು ಅತ್ತೆಯ ಕಿವಿಗೆ ಬಿತ್ತು. ಸಿಂಗಾರ ಮಾಡಿಟ್ಟಿದ್ದ ತಮ್ಮ ತಂಬಿಟ್ಟನ್ನು ತಂದು, ಸುತ್ತಿದ್ದ ಕನಕಾಂಬರ ಬಿಚ್ಚಿದರು. ಅಯ್ಯೋ ದೇವರೇ! ಮೇಲಿಂದ ಕೆಳಗಿನವರೆಗೂ ಬಿರುಕು.

“ವರ್ಷಾ ವರ್ಷಾ ಬಿಡ್ತೈತೆ ಕಣವ್ವ. ಹೂವು ಯಾಕೆ ಸುತ್ತೋದು ಅಂದ್ಕೊಂಡಿದ್ದೆ?”

ಇನ್ನು ನಗುತ್ತಾಳೆ ಎಂದುಕೊಂಡೆ. ಸಿಂಧು ಆ ಬಿರುಕಿನ ಮೇಲೆ ಬೆರಳಾಡಿಸಿ ಬಿಕ್ಕಿದಳು. “ನಿಮಗೆ ಹೂವು ಸುತ್ತಿ ಸುಮ್ನಿರಕ್ಕೆ ಬರ್ತೈತೆ ಅತ್ತೆ. ನಂಗೆ ಅದೂ ಬರಲ್ವಲ್ಲ!”

ಅತ್ತೆ ಬಿಚ್ಚಿದ ಹೂವನ್ನು ತಮ್ಮ ತಂಬಿಟ್ಟಿಗೆ ಮತ್ತೆ ಸುತ್ತಿದರು.

ಸಂಜೆ ತಮಟೆ ಸದ್ದು ಕೇಳಿದಾಗ ಅತ್ತೆಯೂ ನಾನೂ ಸೇರಿ ಅವಳನ್ನು ಎಬ್ಬಿಸಿ ಕೂರಿಸಿದೆವು. ಇನ್ನೊಂದು ಕಟ್ಟಿದಳು. ಅದೂ ಬಿರುಕು ಬಿಟ್ಟಿತು. ಮುರಿಯಲು ಹೋದ ಅವಳ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅತ್ತೆ ಬೇಗಬೇಗ ಹೂವು ಸುತ್ತಿದರು. ಆ ಕೈ ಮತ್ತೆ ಮತ್ತೆ ತಂಬಿಟ್ಟಿನತ್ತಲೇ ಎಳೆಯುತ್ತಿತ್ತು. ಹೀಗೆ ಎಷ್ಟು ದಿನ ಹಿಡಿಯಬೇಕೋ ನನಗೆ ತಿಳಿಯದು. ಒಂದು ಕೈಯಲ್ಲಿ ತಲೆಯ ಮೇಲಿನ ತಟ್ಟೆ ಹಿಡಿದು ಅವಳು ನಡೆದಳು. ಇನ್ನೊಂದನ್ನು ಗುಡಿಯವರೆಗೂ ನಾನು ಬಿಡಲಿಲ್ಲ.